ಸಿಪ್ಪೆ ದೋಸೆ ಮತ್ತು ಮಾಮಿಯ ಟಿಕೆಟ್

ದೋಸೆಯ ಎರಡನೇ ತುಂಡನ್ನು ಚಟ್ನಿಗೆ ಅದ್ದುತ್ತಾ ನಮ್ಮ ಮಾಮಿ ತಣ್ಣಗೆ ಹೇಳಿದರು: "ನನ್ನ ಟಿಕೆಟ್ ಸ್ವಲ್ಪ ಬೇಗಕ್ಕೆ ಮಾಡ್ಲಿಕ್ಕೆ ಆಗ್ತದಾ ನೋಡು ಮಗಾ. ನಾನು ಊರಿಗೆ ಹೋಗ್ತೇನೆ."

ಮಗಾ ಎಂದದ್ದು ನನ್ನ ಗಂಡನಿಗೆ. ನೋಡುತ್ತಿದ್ದದ್ದು ಮಾತ್ರ ತಟ್ಟೆಯನ್ನು.

ಅದು ಕಲ್ಲಂಗಡಿ ಸಿಪ್ಪೆಯ ದೋಸೆ. ಕೆಂಪು ಹಣ್ಣು ತೆಗೆದ ಮೇಲೆ ಉಳಿಯುವ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿ ಮಾಡಿದ್ದು. ಮೆತ್ತಗೆ, ಹಗುರಕ್ಕೆ, ಅಂಚಿನಲ್ಲಿ ಗರಿಗರಿಯಾಗಿ ಬಂದಿತ್ತು. ಮಾಮಿಗಾಗಿಯೇ ಮಾಡಿದ್ದೆ. ಹೊಗಳುತ್ತಾರೆ ಎಂದು ಸೌಟು ಹಿಡಿದು ಕಾಯುತ್ತಾ ನಿಂತಿದ್ದೆ. ಸಿಕ್ಕಿದ್ದು ಟಿಕೆಟ್.

ಮಾಮಿ ಅಂದರೆ ನನ್ನ ಅತ್ತೆ. ತುಳುವರ ಮನೆಯಲ್ಲಿ ಗಂಡನ ತಾಯಿಯನ್ನು ಹಾಗೆ ಕರೆಯುತ್ತೇವೆ. ಎಪ್ಪತ್ತಾರು ವರ್ಷ. ಊರಿನಲ್ಲಿ, ಮೂಲ್ಕಿಯ ಹತ್ತಿರ, ಕಿರಿಯ ಮಗನ ಸಂಸಾರದ ಜೊತೆ ಆರಾಮಾಗಿ ಇರುವವರು. ನಾವು ಮಸ್ಕತ್ತಿನ ಸೀಬ್‌ಗೆ ಬಂದು ಹದಿನೆಂಟು ವರ್ಷವಾಯಿತು. ಅಷ್ಟೂ ವರ್ಷ ಇವರು ಅಮ್ಮನನ್ನು ಕರೆಯುತ್ತಲೇ ಇದ್ದರು, ಅಮ್ಮ ಮುಂದಿನ ವರ್ಷ ನೋಡುವ ಅನ್ನುತ್ತಲೇ ಇದ್ದರು. ಕೊನೆಗೆ ಕಳೆದ ಡಿಸೆಂಬರಿನಲ್ಲಿ ಬಂದೇ ಬಂದರು. ಹಿಂದಿರುಗುವ ಟಿಕೆಟ್ ಮಾರ್ಚ್ ಕೊನೆಗೆ. ಇವರಿಗೆ ಅದೆಷ್ಟು ಸಂಭ್ರಮ ಅಂದರೆ, ರುಸೈಲ್‌ನ ತಮ್ಮ ಪೈಪ್ ಫ್ಯಾಕ್ಟರಿಯಲ್ಲಿ ಸ್ಟೋರ್ ರೂಮಿನ ಬಾಗಿಲಿನಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು, ನಮ್ಮ ಅಮ್ಮ ಬಂದಿದ್ದಾರೆ ಎಂದು.

ಈಗ ಜನವರಿಯೂ ಮುಗಿದಿಲ್ಲ. ಅಮ್ಮ ಹೊರಟು ನಿಂತಿದ್ದಾರೆ.

"ಯಾಕಮ್ಮ, ಎಂತ ಆಯಿತು?" ಎಂದರು ಇವರು.

ಎಂತ ಸಹ ಆಗಲಿಲ್ಲ ಎಂದರು ಮಾಮಿ. ಸುಮ್ಮನೆ ಅಂತೆ. ಊರಿನ ನೆನಪು ಅಂತೆ. ತಟ್ಟೆ ತೊಳೆದು, ಕವುಚಿಟ್ಟು, ರೂಮಿಗೆ ಹೋದರು.

ಇವರು ನನ್ನ ಮುಖ ನೋಡಿದರು. ಮಗಳು ನಿಧಿ ನನ್ನ ಮುಖ ನೋಡಿದಳು. ನಾನು ಕಾವಲಿಯನ್ನು ನೋಡಿದೆ. (ಮೂರನೇ ದೋಸೆ ಕರಟುತ್ತಿತ್ತು.)

ಈ ಅಂಕಣವನ್ನು ಓದುತ್ತಾ ಬಂದವರಿಗೆ ನನ್ನ ರೋಗ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ನನಗೆ ಅಡುಗೆಮನೆಯಿಂದ ಏನನ್ನೂ ಹೊರಗೆ ಹಾಕಲು ಆಗುವುದಿಲ್ಲ. ಹೀರೆಕಾಯಿಯ ಸಿಪ್ಪೆ ಚಟ್ನಿಗೆ. ಬಾಳೆಕಾಯಿಯ ಸಿಪ್ಪೆ ಪಲ್ಯಕ್ಕೆ. ಹೂಕೋಸಿನ ದಂಟು ಸಾಂಬಾರಿಗೆ, ಅದರ ಎಲೆ ಪತ್ರೊಡೆಯಂತಹ ಏನೋ ಒಂದಕ್ಕೆ. ಸಿಹಿಗುಂಬಳದ ಒಳಗಿನ ನಾರುನಾರಾದ ತಿರುಳನ್ನು ಹುರಿದು ರುಬ್ಬಿದರೆ ಏನು ಚೆಂದ ಅಂತೀರಿ. ನಿನ್ನೆಯ ಕುಬ್ಬೂಸ್, ಅಂದರೆ ಇಲ್ಲಿನ ರೊಟ್ಟಿ, ಇವತ್ತು ಉಪ್ಪಿಟ್ಟು. ಇವತ್ತಿನ ಉಪ್ಪಿಟ್ಟು ಉಳಿದರೆ ನಾಳೆ ಅಂಬೊಡೆ. ಅದೂ ಉಳಿದರೆ? ಉಳಿಯುವುದಿಲ್ಲ, ಇವರ ಡಬ್ಬಿ ಇದೆಯಲ್ಲ.

ಹಿಂದೊಮ್ಮೆ ಇದೇ ಜಾಗದಲ್ಲಿ ದಾಳಿಂಬೆ ಸಿಪ್ಪೆಯ ತಂಬುಳಿಯ ಬಗ್ಗೆ ಬರೆದಿದ್ದೆ. ಓದುಗರೊಬ್ಬರು, ಮೇಡಂ, ನೀವು ದಾಳಿಂಬೆಯ ಕಾಳುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದ್ದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಇನ್ನು ಮಳೆಯ ವಿಷಯ. ಒಮಾನಿನಲ್ಲಿ ಮಳೆ ಎಂದರೆ ನೆಂಟರ ಹಾಗೆ, ಚಳಿಗಾಲದಲ್ಲಿ ಒಂದು ದಿನ ಬಂದು ಮುಖ ತೋರಿಸಿ ಹೋಗುತ್ತದೆ. ಮಕ್ಕಳು ಬಾಲ್ಕನಿಗೆ ಓಡುತ್ತಾರೆ, ದೊಡ್ಡವರು ವೀಡಿಯೊ ಮಾಡಿ ಊರಿಗೆ ಕಳಿಸುತ್ತಾರೆ. ಊರಿನವರು, ಇದಾ ಮಳೆ ಎಂದು ನಗುತ್ತಾರೆ. ಆದರೆ ಈ ಚಳಿಗಾಲದ ನೆಂಟ ಪೆಟ್ಟಿಗೆ ಸಮೇತ ಬಂದಿದ್ದ. ದಿನಗಟ್ಟಲೆ ಮೋಡ, ಬಿಟ್ಟು ಬಿಟ್ಟು ಸುರಿತ. ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳಗಳು, ಇಲ್ಲಿ ವಾಡಿ ಎನ್ನುತ್ತಾರೆ, ತುಂಬಿ ರಸ್ತೆಯ ಮೇಲೆ ಹರಿದವು. ಫೋನು ಗಳಿಗೆಗೊಮ್ಮೆ ಕೂಗಿ ವಾಡಿ ದಾಟಬೇಡಿ ಎಂದಿತು. ಶಾಲೆ ಆನ್‌ಲೈನ್. ಫ್ಯಾಕ್ಟರಿಗೆ ರಜೆ. ಇಲ್ಲಿ ಮನೆ ಕಟ್ಟುವವರು ಮಳೆ ಎನ್ನುವುದನ್ನು ನಂಬಿರುವುದೇ ಇಲ್ಲ, ಹಾಗಾಗಿ ಏಸಿಯ ತೂತಿನಿಂದ ನೀರು. ಹಾಲಿನಲ್ಲಿ ಎರಡು ಬಕೆಟ್, ನಿಧಿಯ ಮೇಜಿನ ಪಕ್ಕ ಕುಕ್ಕರಿನ ಪಾತ್ರೆ. ಬಟ್ಟೆ ಒಣಗುವುದಿಲ್ಲ. ತಾರಸಿಯಲ್ಲಿ ಒಣಹಾಕಿದ್ದ ನನ್ನ ಅರಳು ಸಂಡಿಗೆ ಮತ್ತೆ ಹಿಟ್ಟಾಯಿತು.

ಮಳೆಯ ಹಿಂದಿನ ದಿನ ಇಡೀ ಸೀಬ್ ಅಂಗಡಿಗೆ ನುಗ್ಗಿತ್ತು. ತಳ್ಳುಗಾಡಿ ತುಂಬ ನೂಡಲ್ಸ್, ಮೊಟ್ಟೆ, ನೀರಿನ ಬಾಟಲಿ. ನಾನು ಹೋಗಲಿಲ್ಲ. ಯಾಕೆ ಹೋಗಲಿ? ಮನೆಯಲ್ಲಿ ಅರ್ಧ ಕುಂಬಳಕಾಯಿ ಇತ್ತು, ಒಂದು ಹೂಕೋಸು, ಕೆಲವು ಹೀರೆಕಾಯಿ, ಫ್ರೀಜರಿನಲ್ಲಿ ಊರಿನಿಂದ ತಂದ ಹಲಸಿನ ಬೀಜ, ಮತ್ತೆ ಆಫರಿನಲ್ಲಿ ತಂದ ಎರಡು ದೊಡ್ಡ ಕಲ್ಲಂಗಡಿ. ನಮ್ಮ ಕನ್ನಡ ಮಹಿಳೆಯರ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿಬಿಟ್ಟೆ: ಮಳೆ ನಿಲ್ಲುವವರೆಗೆ ನಮ್ಮ ಮನೆಯಲ್ಲಿ ಆಟಿ.

ಆಟಿ ಗೊತ್ತಲ್ಲ? ತುಳುನಾಡಿನ ಜಡಿಮಳೆಯ ತಿಂಗಳು. ಹಿಂದೆ ಆ ತಿಂಗಳಲ್ಲಿ ಬಡವರ ಮನೆಯಲ್ಲಿ ಅಕ್ಕಿ ಮುಗಿದಿರುತ್ತಿತ್ತು, ಗದ್ದೆಯಲ್ಲಿ ಕೆಲಸವಿರುತ್ತಿರಲಿಲ್ಲ. ಜನ ಬೇಲಿಯ ಸೊಪ್ಪು, ಕೆಸುವಿನ ಎಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ ತಿಂದು ದಿನ ನೂಕುತ್ತಿದ್ದರು. ಈಗ? ಅದೇ ತಿಂಗಳಿಗೆ ನಾವು ಗಲ್ಫಿನ ಹಾಲ್ ಬುಕ್ ಮಾಡಿ, ಏಸಿ ಹಾಕಿ, ಸೀರೆ ಉಟ್ಟು, ಅದೇ ಸೊಪ್ಪನ್ನು ಬಫೆಯಲ್ಲಿ ಬಡಿಸಿಕೊಂಡು ಫೋಟೊ ತೆಗೆಯುತ್ತೇವೆ. ನಾನಂತೂ ಅಲ್ಲಿನ ಅಡುಗೆ ವಿಭಾಗದ ಮುಖ್ಯಸ್ಥೆ. ಬೇರೆಯವರನ್ನು ಯಾಕೆ ಬೈಯಲಿ?

ಗುಂಪಿನಲ್ಲಿ ಚಪ್ಪಾಳೆ ಬಿತ್ತು. ಶಶಿಯಕ್ಕ ಗ್ರೇಟ್ ಎಂದರು. ಹಾಗಾದರೆ ದಿನಾ ಫೋಟೊ ಹಾಕಿ ಎಂದರು. ಒಬ್ಬರು, ನಿಮ್ಮ ಅತ್ತೆಯವರು ಬಂದಿದ್ದಾರಲ್ಲ, ಹಿಂದಿನ ಕಾಲದ ಅಡುಗೆಯ ಬಗ್ಗೆ ಅವರದೊಂದು ಪುಟ್ಟ ವೀಡಿಯೊ ಮಾಡಿ, ಮುಂದಿನ ಕಾರ್ಯಕ್ರಮದಲ್ಲಿ ತೋರಿಸುವ ಎಂದರು.

ನನ್ನ ತಲೆ ತಾರಸಿಗೆ ಮುಟ್ಟಿತು.

ನಿಜ ಹೇಳಬೇಕೆಂದರೆ, ಈ ಸಿಪ್ಪೆ ಶಾಸ್ತ್ರಕ್ಕೆ ಮೂಲ ನಮ್ಮ ಮಾಮಿಯೇ. ಮದುವೆಯಾದ ಹೊಸತರಲ್ಲಿ ಇವರು ಕಣ್ಣು ಮುಚ್ಚಿ ಹೇಳುತ್ತಿದ್ದರು, ಬೇಸಿಗೆ ರಜೆಯಲ್ಲಿ ಅಮ್ಮ ಬಚ್ಚಂಗಾಯಿ ಸಿಪ್ಪೆಯ ದೋಸೆ ಮಾಡುತ್ತಿದ್ದಳು, ನಾವು ಮೂರು ಮಕ್ಕಳು ಒಲೆಯ ಸುತ್ತ ಕೂತು ಜಗಳಾಡಿ ತಿನ್ನುತ್ತಿದ್ದೆವು, ಅದಕ್ಕೆ ಒಂದು ಬೇರೆಯೇ ಸಿಹಿ ಇತ್ತು ಎಂದು. (ಬಚ್ಚಂಗಾಯಿ ಎಂದರೆ ನಮ್ಮ ಕಡೆ ಕಲ್ಲಂಗಡಿ.) ಆ ಸಿಹಿ ನನ್ನ ದೋಸೆಗೆ ಇವತ್ತಿನವರೆಗೂ ಬಂದಿಲ್ಲ. ಆದರೂ ಬಿಡಲಿಲ್ಲ. ಮಾಮಿ ಮಸ್ಕತ್ತಿಗೆ ಬರುತ್ತಾರೆ ಎಂದಾಗ ನಾನು ಮಾಡಿದ ಮೊದಲ ನಿರ್ಧಾರ: ಗಲ್ಫಿಗೆ ಹೋಗಿ ಸೊಸೆ ದುಂದುಗಾತಿಯಾಗಿದ್ದಾಳೆ ಎಂದು ಅವರಿಗೆ ಅನಿಸಬಾರದು. ಅವರ ಅಡುಗೆಯನ್ನೇ ಅವರಿಗೆ ಮಾಡಿ ಬಡಿಸುತ್ತೇನೆ. ಕಣ್ಣಲ್ಲಿ ನೀರು ಬರಿಸುತ್ತೇನೆ.

ಬರಿಸಿದೆ, ಅದು ಬೇರೆ ಮಾತು.

ಟಿಕೆಟ್ಟಿನ ಮಾತು ಬಂದ ಮೇಲೆ ಮನೆಯಲ್ಲಿ ಪತ್ತೇದಾರಿ ಕೆಲಸ ಶುರುವಾಯಿತು. ಇವರ ಅನುಮಾನ ಚಳಿಯ ಮೇಲೆ. ಹೀಟರ್ ಅಟ್ಟದಿಂದ ಇಳಿಯಿತು, ಎರಡು ಕಂಬಳಿ ಹೋಯಿತು. ಚಳಿ ಇಲ್ಲ ಮಗಾ ಎಂದು ಮಾಮಿ ಎರಡನ್ನೂ ಮಡಚಿ ವಾಪಸು ಕೊಟ್ಟರು. ಇವರು ಊರಿಗೆ ಫೋನ್ ಮಾಡಿ ತಮ್ಮನನ್ನು ಕೇಳಿದರು, ಅಲ್ಲಿ ಏನಾದರೂ ಇದೆಯಾ ಎಂದು. ಅವನು ಇಲ್ಲಪ್ಪ, ಅಮ್ಮ ಇನ್ನೂ ಎರಡು ತಿಂಗಳು ಅಲ್ಲೇ ಇರಲಿ, ಬರುವಾಗ ಖರ್ಜೂರ ಕಳಿಸಿ ಎಂದ. ನಿಧಿಯ ಅನುಮಾನ ನೇರವಾಗಿ ಅಡುಗೆಮನೆಯ ಮೇಲೆ.

ಹತ್ತನೇ ಕ್ಲಾಸಿನ ಹುಡುಗಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಅಮ್ಮಾ, ದಿಸ್ ಈಸ್ ನಾಟ್ ಫುಡ್. ದಿಸ್ ಈಸ್ ಕಾಂಪೋಸ್ಟ್," ಎಂದು ಬಾಳೆಕಾಯಿ ಸಿಪ್ಪೆಯ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿದಳು.

ನಿನ್ನ ಅಜ್ಜಿ ಇದನ್ನೇ ತಿಂದು ಇಷ್ಟು ಗಟ್ಟಿಯಾಗಿದ್ದಾರೆ ಎಂದೆ ನಾನು, ಮಾಮಿಗೂ ಕೇಳುವ ಹಾಗೆ. ಮಾಮಿ ಲೋಟ ಎತ್ತಿದರು. ನೀರು ಕುಡಿದರು.

ನನ್ನ ಅನುಮಾನ ಬೇರೆ ಇತ್ತು. ಮಾಮಿಗೆ ಊರಿನ ನೆನಪು ಬಂದಿದೆ. ಹಾಗಾದರೆ ಔಷಧ ಏನು? ಊರಿನ ಅಡುಗೆ. ಊರನ್ನೇ ಇಲ್ಲಿಗೆ ತಂದರೆ ಊರಿಗೆ ಯಾಕೆ ಹೋಗುತ್ತಾರೆ? ಡೋಸ್ ಹೆಚ್ಚಿಸಿದೆ. ಬೆಳಿಗ್ಗೆ ಗಂಜಿ, ಹೀರೆಕಾಯಿ ಸಿಪ್ಪೆಯ ಚಟ್ನಿ. ಮಧ್ಯಾಹ್ನ ಹೂಕೋಸಿನ ದಂಟು, ಹಲಸಿನ ಬೀಜ. ಸಂಜೆ ಮತ್ತೆ ಸಿಪ್ಪೆ ದೋಸೆ, ಕಲ್ಲಂಗಡಿ ಎರಡಿತ್ತಲ್ಲ. ಕೆಂಪು ಹಣ್ಣು ಕೊಯ್ದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೆ, ನಿಧಿಯ ಜ್ಯೂಸಿಗೆ, ಇವರ ಊಟದ ನಂತರಕ್ಕೆ. ಅಡುಗೆ ಮಾಡುತ್ತಾ ನಾನೂ ಆಗಾಗ ಒಂದೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮಾಮಿಗೆ ಸಕ್ಕರೆ ಕಾಯಿಲೆ, ಹಣ್ಣು ಕೊಡುವುದು ಬೇಡ ಎಂದು ನಾನೇ ತೀರ್ಮಾನಿಸಿದ್ದೆ. ಎಷ್ಟು ಕಾಳಜಿಯ ಸೊಸೆ ನೋಡಿ.

ಮಾಮಿ ಎಲ್ಲವನ್ನೂ ತಿಂದರು. ಬೇಡ ಎನ್ನಲಿಲ್ಲ, ಇನ್ನೊಂದು ಹಾಕು ಎನ್ನಲೂ ಇಲ್ಲ. ಆದರೆ ಒಂದು ಬದಲಾವಣೆ ಆಯಿತು. ಎರಡನೇ ದಿನದಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದರು. ನೀವೆಲ್ಲ ಉಣ್ಣಿ, ನನ್ನದು ಮತ್ತೆ ಎನ್ನುತ್ತಿದ್ದರು. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಮೂಲೆಯ ಸ್ಟೂಲಿನಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡು, ತಾವೇ ತೊಳೆದಿಡುತ್ತಿದ್ದರು.

ಹಳೆಯ ಕಾಲದ ಶಿಸ್ತು ಅಂದುಕೊಂಡೆ. ಅದನ್ನೂ ಗುಂಪಿನಲ್ಲಿ ಬರೆದೆ. ಅದಕ್ಕೂ ಚಪ್ಪಾಳೆ ಬಿತ್ತು.

ಮೂರನೇ ದಿನ ಬೆಳಿಗ್ಗೆ ಇವರು ಟಿಕೆಟ್ಟಿನ ಆ್ಯಪ್ ತೆರೆದು ಕೂತರು. ಮಂಗಳೂರಿಗೆ ಬರುವ ವಾರದಲ್ಲೇ ಸೀಟು ಇದೆ ಎಂದರು. ದನಿ ಸಣ್ಣದಾಗಿತ್ತು. ಹದಿನೆಂಟು ವರ್ಷ ಕರೆದದ್ದು, ಆರು ವಾರಕ್ಕೆ ಮುಗಿಯಿತು ಎಂದರು. ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಇವತ್ತು ಒಂದು ದಿನ ತಡೆಯಿರಿ ಎಂದೆ. ನನ್ನ ಹತ್ತಿರ ಇನ್ನೂ ಒಂದು ಅಸ್ತ್ರ ಉಳಿದಿತ್ತು. ವೀಡಿಯೊ. ಮಾಮಿಯನ್ನು ಕೂರಿಸಿ, ಹಿಂದಿನ ಅಡುಗೆಗಳ ಬಗ್ಗೆ ಮಾತಾಡಿಸಿದರೆ, ಅಷ್ಟು ಜನ ನೋಡುತ್ತಾರೆ ಎಂದರೆ, ಯಾರಿಗೆ ತಾನೆ ಖುಷಿಯಾಗುವುದಿಲ್ಲ? (ನನಗೆ ಖುಷಿಯಾಗುವುದೆಲ್ಲ ಲೋಕಕ್ಕೂ ಖುಷಿ ಎಂದು ನಂಬಿ ಬದುಕಿದವಳು ನಾನು.) ಕುಂಬಳದ ತಿರುಳಿನ ಚಟ್ನಿ ರುಬ್ಬಿಟ್ಟು, ಫೋನ್ ಹಿಡಿದು ಮಾಮಿಯ ರೂಮಿಗೆ ಹೋದೆ.

ರೂಮಿನಲ್ಲಿ ಇಲ್ಲ. ಬಾತ್‌ರೂಮಿನಲ್ಲಿ ಇಲ್ಲ. ಚಪ್ಪಲಿಯೂ ಇಲ್ಲ.

ಮೇಲಿನಿಂದ ನಗು ಕೇಳಿಸಿತು.

ನಮ್ಮದು ಎರಡು ಮಹಡಿಯ ಮನೆ. ಕೆಳಗೆ ನಾವು, ಮೇಲೆ ಜುಲೇಖಾ. ಬಂಟ್ವಾಳ ಕಡೆಯ ಬ್ಯಾರಿ ಕುಟುಂಬ. ಅವಳ ಗಂಡನಿಗೆ ಸೀಬ್ ಸೂಕಿನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಬಟ್ಟೆಯ ಅಂಗಡಿ. ಮನೆಯೊಳಗೆ ಬ್ಯಾರಿ ಮಾತಾಡುತ್ತಾರೆ, ನಮ್ಮ ಜೊತೆ ತುಳು. ಸೂಕಿಗೆ ನೀರು ನುಗ್ಗಿದ್ದರಿಂದ ಗಂಡ ಅಂಗಡಿಯ ನೀರು ಎತ್ತಲು ಹೋಗಿದ್ದರು. ಮೆಟ್ಟಿಲು ಹತ್ತುವಾಗಲೇ ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿದ್ದೆ. ಮಾಮಿ ನಗುತ್ತಿದ್ದಾರೆ, ಸಹಜವಾಗಿ ಬರಲಿ ಎಂದು.

ಬಾಗಿಲು ತೆರೆದೇ ಇತ್ತು. ಮಾಮಿ ಜುಲೇಖಾಳ ಊಟದ ಮೇಜಿನ ತಲೆಯಲ್ಲಿ, ಮನೆಯ ಹಿರಿಯರು ಕೂರುವ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಪರೋಟ. ಇಲ್ಲಿನ ಚಹಾ ಅಂಗಡಿಗಳಲ್ಲಿ ಸಿಗುತ್ತದಲ್ಲ, ಬಿಸಿ ಪರೋಟಕ್ಕೆ ಚೀಸ್ ಸವರಿ, ಮೇಲೆ ಆಲೂಗಡ್ಡೆ ಚಿಪ್ಸ್ ಪುಡಿ ಮಾಡಿ ಹಾಕಿ, ಖಾರದ ಸಾಸ್ ಚಿಮುಕಿಸಿ ಸುತ್ತಿ ಕೊಡುವುದು. ಅದೇ. ಎಪ್ಪತ್ತಾರು ವರ್ಷದ ಮಾಮಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚುತ್ತಿದ್ದರು. ಗಲ್ಲದ ಮೇಲೆ ಚೀಸು. ಪಕ್ಕದಲ್ಲಿ ಏಲಕ್ಕಿ ಹಾಕಿದ ಗಟ್ಟಿ ಚಹಾ. ಜುಲೇಖಾ ಕಾವಲಿಯಲ್ಲಿ ಇನ್ನೊಂದು ಪರೋಟ ಮಗುಚುತ್ತಿದ್ದಳು.

"ಮಾಮಿ, ಇದೆಲ್ಲ ನಿಮಗೆ ಆಗ್ತದಾ?" ಎಂದೆ.

"ಆಗ್ತದೆ. ಒಳ್ಳೆದುಂಟು," ಎಂದರು ಮಾಮಿ. ಮತ್ತೊಂದು ಕಚ್ಚಿದರು.

ನನಗೆ ಅಳುವೇ ಬಂತು. ಹೊಟ್ಟೆಕಿಚ್ಚು ಎಂದರೂ ತಪ್ಪಿಲ್ಲ. ಮೂರು ದಿನದಿಂದ ಸಿಪ್ಪೆ ಹೆಚ್ಚಿ ಹೆಚ್ಚಿ ನನ್ನ ಬೆರಳು ಸುಕ್ಕಾಗಿದೆ, ಇವರು ಇಲ್ಲಿ ಚಿಪ್ಸ್ ಹಾಕಿದ ಪರೋಟಕ್ಕೆ ಒಳ್ಳೆದುಂಟು ಅನ್ನುತ್ತಿದ್ದಾರೆ. "ನಿಮಗೋಸ್ಕರ ಅಂತ ಅಲ್ಲಿ ಕುಂಬಳದ ತಿರುಳಿನ ಚಟ್ನಿ ಮಾಡಿಟ್ಟಿದ್ದೇನೆ ಮಾಮಿ," ಎಂದೆ.

ಮಾಮಿ ಪರೋಟವನ್ನು ತಟ್ಟೆಯಲ್ಲಿಟ್ಟರು. ಸೆರಗಿನಿಂದ ಗಲ್ಲ ಒರೆಸಿಕೊಂಡರು.

"ನಿನ್ನ ಫ್ರಿಜ್ಜಲ್ಲಿ ಹಣ್ಣೇ ಉಂಟಲ್ಲ ಶಶಿ," ಎಂದರು. "ಮತ್ತೆ ನನಗೆ ಸಿಪ್ಪೆ ಎಂತಕ್ಕೆ?"

(ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತಂದಾಗ ಖಾರ ಸ್ವಲ್ಪ ಕಡಿಮೆಯಾಗಿದೆ.)

ನಾನು ಏನೋ ಹೇಳಲು ಹೋದೆ. ಸಕ್ಕರೆ ಕಾಯಿಲೆ, ಡಾಕ್ಟರು ಎಂದೆ. ಒಂದು ತುಂಡು ಸಹ ತಿನ್ನಬಾರದು ಅಂತ ಯಾವ ಡಾಕ್ಟರೂ ಹೇಳಲಿಲ್ಲ ಎಂದರು. ನಿಮ್ಮ ಅಡುಗೆ, ನಿಮ್ಮ ಮಗನಿಗೆ ಅಷ್ಟು ಇಷ್ಟ, ಅದಕ್ಕೇ ಎಂದೆ. ಆಗ ಮಾಮಿ ನಕ್ಕರು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ನೋಡಿರಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತಿದ್ದೇನೆ. ಊರಿನಲ್ಲಿ ಒಂದು ದೊಡ್ಡ ಮನೆ ಇತ್ತು. ಮಾಮಿ ಅಲ್ಲಿ ಅಂಗಳ ಗುಡಿಸಿ, ಪಾತ್ರೆ ತೊಳೆದು, ಭತ್ತ ಕುಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಆ ಮನೆಯವರ ಮಕ್ಕಳು ಮೊಮ್ಮಕ್ಕಳು ಮುಂಬಯಿಯಿಂದ ಬರುತ್ತಿದ್ದರು. ಗಾಡಿಯಲ್ಲಿ ಬಚ್ಚಂಗಾಯಿ ಬಂದು ಬೀಳುತ್ತಿತ್ತು. ಅವರೆಲ್ಲ ಜಗಲಿಯಲ್ಲಿ ಸಾಲಾಗಿ ಕೂತು ಕೆಂಪು ಹಣ್ಣು ತಿಂದು ಸಿಪ್ಪೆಯನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಮಾಮಿ ಅದನ್ನು ಬುಟ್ಟಿಗೆ ತುಂಬಿಸಿಕೊಳ್ಳುತ್ತಿದ್ದರು.

"ದನಕ್ಕೆ ಅಂತ ಹೇಳಿ ತರ್ತಿದ್ದೆ," ಎಂದರು ಮಾಮಿ. "ನಮಗೆಲ್ಲಿ ದನ ಇತ್ತು?"

ಜುಲೇಖಾ ಒಲೆ ಆರಿಸಿದಳು.

ಮನೆಗೆ ತಂದು, ಹಲ್ಲಿನ ಗುರುತು ಇದ್ದ ಕಡೆ ಕೊಯ್ದು ತೆಗೆದು, ಇದ್ದ ಒಂದು ಹಿಡಿ ಅಕ್ಕಿಗೆ ಸೇರಿಸಿ ರುಬ್ಬುತ್ತಿದ್ದರಂತೆ. ಮಕ್ಕಳಿಗೆ ಗೊತ್ತಾಗಬಾರದು. ಅದಕ್ಕೆ ಚೂರು ಬೆಲ್ಲ ಹಾಕುತ್ತಿದ್ದರು. ಇವತ್ತು ವಿಶೇಷ ದೋಸೆ ಎಂದು ಹೇಳಿ, ಒಲೆಯ ಸುತ್ತ ಕೂರಿಸಿ ಬಿಸಿಬಿಸಿ ಹಾಕುತ್ತಿದ್ದರು. ಮಕ್ಕಳು ವಿಶೇಷ ಎಂದೇ ನಂಬಿ ಜಗಳಾಡಿ ತಿಂದರು. ಆ ಬೆಲ್ಲವೇ ನನ್ನ ಗಂಡ ಇಷ್ಟು ವರ್ಷದಿಂದ ನನ್ನ ದೋಸೆಯಲ್ಲಿ ಹುಡುಕುತ್ತಿರುವ ಬೇರೆಯೇ ಸಿಹಿ.

"ನಿನ್ನ ಮನೆಗೆ ಬಂದ ಮೇಲೆ ದಿನಾ ನೋಡಿದೆ," ಎಂದರು ಮಾಮಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಕೆಂಪು ಅವರಿಗೆ, ಬಿಳಿ ನನಗೆ. ಯಾರಿಗೆ ಎಂತ ಕೊಡುದು ಅಂತ ಒಂದು ಲೆಕ್ಕ ಇರ್ತದಲ್ಲ. ನಾನು ಭಾರ ಆಗಿರ್ಬೇಕು ಅಂತ ಗ್ರಹಿಸಿದೆ. ಹೋಗುವ ಅಂತ ಹೇಳಿದೆ."

ಮಳೆ ಸುರಿಯುತ್ತಲೇ ಇತ್ತು.

"ಶಶಿಯಕ್ಕ," ಎಂದಳು ಜುಲೇಖಾ, ಮೆಲ್ಲಗೆ, "ನಿಮ್ಮ ಫೋನ್ ಇನ್ನೂ ರೆಕಾರ್ಡ್ ಆಗ್ತಾ ಉಂಟು."

ನೋಡಿದರೆ ಹೌದು. ಕೆಂಪು ಚುಕ್ಕೆ ಮಿಣುಕುತ್ತಿತ್ತು. ಹಿಂದಿನ ಕಾಲದ ಅಡುಗೆಯ ಬಗ್ಗೆ ಅತ್ತೆಯವರ ಪುಟ್ಟ ವೀಡಿಯೊ. ಕೇಳಿದ್ದು ಅದನ್ನೇ ಅಲ್ಲವೇ? ಇದಕ್ಕಿಂತ ಅಸಲಿ ಯಾವುದಿದೆ? ಅಲ್ಲೇ ಅಳಿಸಿಬಿಟ್ಟೆ. (ಈಗ ಯಾಕೆ ಬರೆಯುತ್ತಿದ್ದೀ ಎಂದರೆ, ಮಾಮಿಯನ್ನು ಕೇಳಿದ್ದೇನೆ. ಬರಿ, ಆದರೆ ನಿನ್ನದೂ ಬರಿ ಎಂದಿದ್ದಾರೆ. ಅದಕ್ಕೇ ನಾನು ಫ್ರಿಜ್ಜಿನ ಮುಂದೆ ನಿಂತು ತಿಂದ ಕೆಂಪು ತುಂಡುಗಳೂ ಮೇಲೆ ಇವೆ.)

ಜುಲೇಖಾ ಮಾತು ತಿರುಗಿಸಲು ನನಗೂ ಒಂದು ಪರೋಟ ಹಾಕಿದಳು. ತಿಂದೆ. ಮಾಮಿ ಹೇಳಿದ್ದು ನಿಜ. ಒಳ್ಳೆಯದಿತ್ತು.

ಕೆಳಗೆ ಬಂದು ಇವರಿಗೆ ಹೇಳಿದೆ. ತುಂಬಿದ ಬಕೆಟ್ ಎತ್ತಿಕೊಂಡು ಬಾತ್‌ರೂಮಿಗೆ ಹೊರಟಿದ್ದವರು ನಡುವೆಯೇ ನಿಂತರು. ಕೇಳಿದ್ದು ಇಷ್ಟೇ: "ಬೆಲ್ಲ ಹಾಕ್ತಿದ್ದದ್ದು ಅದಕ್ಕಾ?"

ಬಕೆಟ್ ಅಲ್ಲೇ ಇಟ್ಟು ಅಮ್ಮನ ರೂಮಿಗೆ ಹೋದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ನಾನು ನೆಲ ಒರೆಸುತ್ತಿದ್ದೆ. ಹೊರಗೆ ಬಂದಾಗ ಇವರ ಕಣ್ಣು ಕೆಂಪಾಗಿತ್ತು. ಟಿಕೆಟ್ಟಿನ ಬಗ್ಗೆ ಅಮ್ಮ ಏನೂ ಹೇಳಲಿಲ್ಲವಂತೆ, ನೋಡುವ ಎಂದರಂತೆ.

ಆ ನೋಡುವ ಎನ್ನುವುದರ ಮೇಲೆ ನಮ್ಮ ಇಡೀ ಮನೆ ತೂಗುತ್ತಿತ್ತು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಏನು ಹೇಳಲಿ? ನಿಮ್ಮ ಬಡತನವನ್ನು ನಾನು ರೆಸಿಪಿ ಮಾಡಿದೆ, ತಪ್ಪಾಯಿತು ಎನ್ನಲೇ? ಸಂಜೆ ಚಹಾ ಕೊಡುವ ನೆಪದಲ್ಲಿ ಹೋಗಿ, ಮಂಚದ ಅಂಚಿನಲ್ಲಿ ಕೂತು, "ಮಾಮಿ, ನಾಳೆಗೆ ಎಂತ ಮಾಡ್ಲಿ?" ಎಂದೆ. ಹದಿನೆಂಟು ವರ್ಷ ಕರೆದು ಕರೆಸಿಕೊಂಡವರನ್ನು ಆರು ವಾರದಲ್ಲಿ ಒಂದು ಸಲವೂ ಕೇಳಿರದ ಪ್ರಶ್ನೆ ಅದು. ಕೇಳಿದ ಮೇಲೆ ಗೊತ್ತಾಯಿತು.

ಮಾಮಿ ಚಹಾ ಕುಡಿದು ಮುಗಿಸಿದರು. ಅವಸರವಿಲ್ಲ.

"ನಾಳೆ ನಾನು ಮಾಡ್ತೇನೆ," ಎಂದರು. "ನೀನು ಕೂತ್ಕೊಂಡು ನೋಡು."

ಮರುದಿನ ಮಳೆ ನಿಂತಿತ್ತು. ವಾಡಿ ಇಳಿದಿತ್ತು. ಇವರು ಮಾಮಿ ಹೇಳಿದ ಪಟ್ಟಿ ಹಿಡಿದು ಅಂಗಡಿಗೆ ಹೋಗಿ ಬಂದರು: ಒಳ್ಳೆಯ ಅಂಜಲ್ ಮೀನು (ತಲೆ ಬೇಡ, ನಡುವಿನ ತುಂಡು ಮಾತ್ರ), ಎರಡು ತೆಂಗಿನಕಾಯಿ, ತುಪ್ಪ, ಹೀರೆಕಾಯಿ, ಹೂಕೋಸು. ನನ್ನನ್ನು ಆ ಮೂಲೆಯ ಸ್ಟೂಲಿನಲ್ಲಿ ಕೂರಿಸಿದರು. ನಿಧಿ ಆನ್‌ಲೈನ್ ಕ್ಲಾಸಿನ ಕ್ಯಾಮೆರಾ ಆಫ್ ಮಾಡಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

ಮಾಮಿ ಹೀರೆಕಾಯಿ ತೆಗೆದುಕೊಂಡರು. ಸಿಪ್ಪೆ ತೆಗೆಯತೊಡಗಿದರು. ತೆಳುವಾಗಿ ಅಲ್ಲ, ಒಳಗಿನ ತಿರುಳು ಸಮೇತ ದಪ್ಪದಪ್ಪವಾಗಿ. ಒಂದೊಂದು ಪಟ್ಟಿಯನ್ನೂ ಎತ್ತಿ ಹಿಡಿದು, ನನ್ನ ಮುಖ ನೋಡಿ, ಕಸದ ಚೀಲಕ್ಕೆ ಹಾಕಿದರು. ನನ್ನ ಕೈ ತಾನಾಗಿ ಮುಂದೆ ಹೋಯಿತು. "ಕೂತ್ಕೋ," ಎಂದರು. ಹೂಕೋಸಿನ ದಂಟು ಹೋಯಿತು. ಎಲೆ ಹೋಯಿತು. ನಡುವಿನ ಎಳೆ ಕಾಂಡ, ಅಯ್ಯೋ, ಅದರಲ್ಲಿ ಎರಡು ದಿನದ ಸಾಂಬಾರು ಇತ್ತು, ಅದೂ ಹೋಯಿತು. ಕಾಯಿ ತುರಿದು ಹಾಲು ಹಿಂಡಿ, ಚರಟವನ್ನು ಒಂದೇ ಸಲಕ್ಕೆ ಚೀಲಕ್ಕೆ ಸುರಿದರು. ಆ ಚರಟದಲ್ಲಿ ನಾನು ಚಟ್ನಿಪುಡಿ ಮಾಡುತ್ತೇನೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಸುರಿದದ್ದು.

"ಮುಖ ಯಾಕೆ ಹಾಗೆ ಮಾಡ್ತಿ?" ಎಂದರು.

"ಇಲ್ಲ ಮಾಮಿ," ಎಂದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡೆ.

"ಅಜ್ಜಿ, ಯೂ ಆರ್ ಸೋ ಕೂಲ್," ಎಂದಳು ನಿಧಿ. ಮಾಮಿಗೆ ಇಂಗ್ಲಿಷ್ ಬರುವುದಿಲ್ಲ. ಇದು ಮಾತ್ರ ಅರ್ಥವಾಯಿತು.

ಚೀಲ ತುಂಬಿತು. ಮಾಮಿ ಅದರ ಬಾಯಿಗೆ ಗಂಟು ಹಾಕಿ, ಕೈಯಲ್ಲಿ ಎತ್ತಿ ತೂಕ ನೋಡಿದರು. ಮುಖದಲ್ಲಿ ಒಂದು ಬೆಳಕು. ಮಕ್ಕಳಿಗೆ ಹೊಸ ಆಟಿಕೆ ಸಿಕ್ಕಿದಾಗ ಬರುತ್ತದಲ್ಲ, ಅಂಥದ್ದು.

"ಬಿಸಾಡುದು ಸಹ ಒಂದು ಸುಖ ಶಶಿ," ಎಂದರು. "ನಿನಗೆ ಗೊತ್ತಿಲ್ಲ."

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತೆವು. ಜುಲೇಖಾಳನ್ನೂ ಮಾಮಿಯೇ ಕೂಗಿ ಕರೆದರು. ಮಾಮಿಯನ್ನು ತಲೆಯ ಕುರ್ಚಿಯಲ್ಲಿ ಕೂರಿಸಿ ಇವರು ತಾವೇ ಬಡಿಸಿದರು. ನಡುವಿನ ತುಂಡು ಮೊದಲು ಅಮ್ಮನಿಗೆ. ಅಂಥ ಮೀನುಸಾರು ನಾನು ಜನ್ಮದಲ್ಲಿ ಮಾಡಿಲ್ಲ; ಎರಡು ತೆಂಗಿನಕಾಯಿ ಒಟ್ಟಿಗೆ ಒಡೆಯುವ ಧೈರ್ಯವೇ ನನಗೆ ಬಂದಿರಲಿಲ್ಲವಲ್ಲ.

ಊಟದ ನಡುವೆ ಇವರು ತಡೆಯಲಾರದೆ ಕೇಳಿಯೇಬಿಟ್ಟರು, ಟಿಕೆಟ್ ಎಂತ ಮಾಡುದಮ್ಮ ಎಂದು.

ಮಾಮಿ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟರು. ನನ್ನನ್ನು ಒಮ್ಮೆ, ನನ್ನ ತಟ್ಟೆಯನ್ನು ಒಮ್ಮೆ ನೋಡಿದರು. "ಮಾರ್ಚಿಗೇ ಇರ್ಲಿ," ಎಂದರು. "ಇವ್ಳಿಗೆ ಅಡುಗೆ ಕಲಿಸ್ಲಿಕ್ಕೆ ಉಂಟು."

ಎಲ್ಲರೂ ನಕ್ಕರು. ಜುಲೇಖಾ ಎಲ್ಲರಿಗಿಂತ ಜೋರಾಗಿ. ನಾನೂ ನಕ್ಕೆ, ನಗಲೇಬೇಕಿತ್ತು. ಇವರು ಮಾತ್ರ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದರು, ಆಗಲೇ ಕಲಸಿ ಮುಗಿದ ಅನ್ನವನ್ನು.

ಕಲಿಯುತ್ತಿದ್ದೇನೆ. ದಿನಾ ಒಂದು ಚೀಲ ಕಸ ಹೊರಗೆ ಹೋಗುತ್ತಿದೆ. ಅದನ್ನು ಇಡಲು ಹೋದಾಗ ಒಂದು ಗಳಿಗೆ ಅಲ್ಲೇ ನಿಲ್ಲುತ್ತೇನೆ, ಗಂಟು ಬಿಚ್ಚಲೇ ಎಂದು. ಬಿಚ್ಚುವುದಿಲ್ಲ. ಮಾಮಿ ಊರಿಗೆ ಹೋದ ಮೇಲೆ ನಾನು ಮತ್ತೆ ಸಿಪ್ಪೆಗೆ ಮರಳುತ್ತೇನೆ, ಅದು ನನಗೂ ಗೊತ್ತು, ನಿಮಗೂ ಗೊತ್ತು. ದುಂದು ಮಾಡುವುದು ದೊಡ್ಡತನ ಎಂದು ಹೇಳುವಷ್ಟು ನಾನಿನ್ನೂ ಕೆಟ್ಟಿಲ್ಲ. ಆದರೆ ಇಷ್ಟು ದಿನ ನನ್ನ ಜಾಣತನ ಎಂದು ಮೆರೆಸಿದ ಅಡುಗೆಯನ್ನು ಇನ್ನು ಮುಂದೆ ನಾನೊಬ್ಬಳೇ ತಿನ್ನಬೇಕು, ಬೇರೆಯವರ ತಟ್ಟೆಗೆ ಹಾಕುವ ಮೊದಲು ಕೇಳಬೇಕು.

ಅಷ್ಟಕ್ಕೂ, ಬೇಕೆಂದು ಸಿಪ್ಪೆ ತಿನ್ನುವವಳಿಗೂ ಬೇರೆ ಗತಿಯಿಲ್ಲದೆ ತಿಂದವರಿಗೂ ಅದು ಒಂದೇ ರುಚಿ ಎಂದು ನನಗೆ ಹೇಳಿದವರು ಯಾರು?